8ನೇ ತರಗತಿಯ ಮಗಳಿಗೆ ಯಕ್ಷಗಾನವೋ, ಎಸ್‌ಪಿಸಿಯೋ, ಸೇವಾಕಾರ್ಯವೋ?

ಪ್ರಶ್ನೆ: ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕ ಸಮೀಪದ ಒಬ್ಬ ತಾಯಿ

ಎಲ್ಲರಿಗೂ ನಮಸ್ಕಾರ. ನನ್ನ ಮಗಳು ಈ ಜೂನ್‌ನಲ್ಲಿ ಕನ್ನಡ ಮಾಧ್ಯಮದಲ್ಲಿ 8ನೇ ತರಗತಿಗೆ ಸೇರಿದ್ದಾಳೆ. ಶಾಲೆಯಲ್ಲಿ ಸ್ಟೂಡೆಂಟ್ ಪೊಲೀಸ್ ಕೆಡೆಟ್ (ಎಸ್‌ಪಿಸಿ), ಜೂನಿಯರ್ ರೆಡ್ ಕ್ರಾಸ್ ಮತ್ತು ಕಂಪ್ಯೂಟರ್ ಕಲಿಕೆಯ ಲಿಟಲ್ ಕೈಟ್ಸ್ ಮೂರೂ ಇದ್ದು, ಯಾವುದಕ್ಕೆ ಹೆಸರು ಕೊಡಬೇಕೆಂದು ನಮಗೆ ತೋಚುತ್ತಿಲ್ಲ. ಅವಳು 5ನೇ ತರಗತಿಯಿಂದಲೂ ಶನಿವಾರ ಸಂಜೆ ಯಕ್ಷಗಾನದ ನಾಟ್ಯ ಕಲಿಯುತ್ತಿದ್ದಾಳೆ. ಬೇರೆ ದಿನಗಳಲ್ಲಿಯೂ ಅಡುಗೆಮನೆಯ ಬಾಗಿಲಲ್ಲಿ ನಿಂತು ಬಾಯಿತಾಳ ಹೇಳಿಕೊಂಡು ಹೆಜ್ಜೆ ಹಾಕುತ್ತಿರುತ್ತಾಳೆ. ಆದರೆ ಮನೆಯ ಹಿರಿಯರು, 10ನೇ ತರಗತಿಯ ಪರೀಕ್ಷೆಗೆ ಗ್ರೇಸ್ ಮಾರ್ಕ್ (ಹೆಚ್ಚುವರಿ ಅಂಕ) ಸಿಗುವುದಕ್ಕೆ ಸೇರಿಸು, ಕುಣಿತ ಆಮೇಲೆಯೂ ಆಗುತ್ತದೆ ಎನ್ನುತ್ತಾರೆ. ಯಾರಿಗಾದರೂ ನೆರವಾಗುವಂಥ ಕೆಲಸವನ್ನೂ ಅವಳು ಮಾಡಲಿ ಎಂಬುದು ನನ್ನ ಆಸೆ. ಸಂಜೆ ಐದೂವರೆಯ ಬಸ್ಸು ತಪ್ಪಿದರೆ ನಮ್ಮ ಕಡೆಗೆ ಮತ್ತೆ ಏಳು ಗಂಟೆಗೇ ಬಸ್ಸು ಇರುವುದು. ಅನುಭವ ಇದ್ದವರು ದಯವಿಟ್ಟು ತಿಳಿಸಿ.

ಉತ್ತರ 1: ನಿವೃತ್ತ ಹೈಸ್ಕೂಲು ಅಧ್ಯಾಪಕ, ಕುಂಬಳೆ

ನೀವು ಕೊನೆಯಲ್ಲಿ ಬರೆದ ಬಸ್ಸಿನ ವಿಷಯವನ್ನೇ ನಾನು ಮೊದಲು ಎತ್ತಿಕೊಳ್ಳುತ್ತೇನೆ. ಮಳೆಗಾಲದಲ್ಲಿ ಕತ್ತಲಾದ ಮೇಲೆ ತೋಟದ ದಾರಿಯಲ್ಲಿ ನಡೆದು ಮನೆ ಸೇರುವ ಮಗು ಎಷ್ಟೇ ಆಸಕ್ತಿಯಿಂದ ಸೇರಿದ್ದರೂ ಓಣಂ ರಜೆಯ ಹೊತ್ತಿಗೆ ಬಿಟ್ಟುಬಿಡುವುದನ್ನು ನಾನು ಅನೇಕ ಬಾರಿ ಕಂಡಿದ್ದೇನೆ. ಆದ್ದರಿಂದ ಯಾವ ತರಬೇತಿ ಯಾವ ದಿನ, ಎಷ್ಟು ಗಂಟೆಗೆ ಬಿಡುತ್ತದೆ ಎಂಬುದನ್ನು ಶಾಲೆಯಲ್ಲಿ ಕೇಳಿ ಒಂದು ಹಾಳೆಯಲ್ಲಿ ಬರೆದಿಟ್ಟುಕೊಳ್ಳಿ.

2010ರಲ್ಲಿ ಕೇರಳದಲ್ಲಿ ಆರಂಭವಾದ ಎಸ್‌ಪಿಸಿಯು 8 ಮತ್ತು 9ನೇ ತರಗತಿಗಳ ಎರಡು ವರ್ಷಗಳ ತರಬೇತಿಯಾಗಿದ್ದು, ಪರೇಡ್, ವ್ಯಾಯಾಮ, ರಜಾಕಾಲದ ಶಿಬಿರ ಎಲ್ಲವೂ ಇರುವುದರಿಂದ ಹೆಚ್ಚು ಸಮಯ ಬೇಡುತ್ತದೆ. 2018ರಲ್ಲಿ ಬಂದ ಲಿಟಲ್ ಕೈಟ್ಸಿಗೆ ಅಭಿರುಚಿ ಪರೀಕ್ಷೆಯಿದೆ. ಕಂಪ್ಯೂಟರಿನಲ್ಲಿ ನಿಜವಾದ ಕುತೂಹಲವಿರುವ ಮಕ್ಕಳಿಗೆ ಅದು ಬಹಳ ಒಳ್ಳೆಯದು. ರೆಡ್ ಕ್ರಾಸಿನ ಹೊರೆ ಕಡಿಮೆ.

ಗ್ರೇಸ್ ಮಾರ್ಕಿನ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕಾಗಿದೆ. ಅದರ ನಿಯಮಗಳು ಕಾಲಕಾಲಕ್ಕೆ ಬದಲಾಗುತ್ತಿರುವುದರಿಂದ, ಈಗ 8ರಲ್ಲಿರುವ ಮಗುವಿಗೆ 10ಕ್ಕೆ ಬರುವಾಗ ಎಷ್ಟು ಅಂಕ ಸಿಗುತ್ತದೆಂದು ಯಾರೂ ಭರವಸೆ ಕೊಡುವಂತಿಲ್ಲ. ಕೋವಿಡ್‌ನಿಂದಾಗಿ, ಗ್ರೇಸ್ ಮಾರ್ಕ್ ತರುವ ಶಾಲಾ ಕಲಾಸ್ಪರ್ಧೆಗಳ ಕಲೋತ್ಸವವೇ ನಡೆಯದೆ ಹೋದ ಕಾಲದಲ್ಲಿ, 2021ರ ಎಸ್ಸೆಸ್ಸೆಲ್ಸಿಯವರಿಗೆ ಗ್ರೇಸ್ ಮಾರ್ಕ್ ಇರಲೇ ಇಲ್ಲ. ಅಂಕಕ್ಕಾಗಿ ಮಾತ್ರ ಸೇರಿದ್ದ ಮಕ್ಕಳು ಆಗ ತಾವು ಕಳೆದ ಎರಡು ವರ್ಷ ವ್ಯರ್ಥವಾಯಿತೆಂದು ಅತ್ತರು. ಕೆಲಸವನ್ನೇ ಪ್ರೀತಿಸಿದ್ದವರು ಹಾಗೆ ಅಳಲಿಲ್ಲ.

ಇನ್ನೊಂದು ಮಾತು: ಯಕ್ಷಗಾನವೂ ಕೇರಳ ಶಾಲಾ ಕಲೋತ್ಸವದ ಸ್ಪರ್ಧೆಯೇ. ಉಪಜಿಲ್ಲೆಯಿಂದ ರಾಜ್ಯಮಟ್ಟದವರೆಗೆ ಅದಕ್ಕೆ ವೇದಿಕೆಯಿದೆ ಎಂಬುದನ್ನು ಮನೆಯ ಹಿರಿಯರಿಗೆ ತಿಳಿಸಿ. ಯಕ್ಷಗಾನ ಕವಿ ಪಾರ್ತಿಸುಬ್ಬನ ಸೀಮೆಯಲ್ಲಿ ಹುಟ್ಟಿದ ಮಗು ಮೂರು ವರ್ಷ ಕಲಿತ ನಾಟ್ಯವನ್ನು, ಹೆಜ್ಜೆ ಗಟ್ಟಿಯಾಗುವ ವಯಸ್ಸಿನಲ್ಲಿಯೇ ಬಿಡಿಸುವುದು ನನಗೆ ಸರಿಯೆನಿಸುವುದಿಲ್ಲ.

ಉತ್ತರ 2: ಮಂಜೇಶ್ವರದ ಒಬ್ಬ ತಂದೆ

ಮಾಷ್ಟ್ರ ಮಾತನ್ನು ಗೌರವಿಸುತ್ತಲೇ ಒಂದು ಭಿನ್ನಾಭಿಪ್ರಾಯವನ್ನು ಹೇಳುತ್ತೇನೆ. ಮಗುವಿಗೆ ಯಾವುದು ಇಷ್ಟ ಎಂಬುದರ ಜೊತೆಗೆ ಯಾವುದರ ಕೊರತೆಯಿದೆ ಎಂಬುದನ್ನೂ ನೋಡಬೇಕು. ನನ್ನ ಮಗಳು ಮಲಯಾಳದಲ್ಲಿ ಮಾತನಾಡಲು ಅಂಜಿ ಅಂಗಡಿಗೂ ಹೋಗುತ್ತಿರಲಿಲ್ಲ. ಎಸ್‌ಪಿಸಿಗೆ ಸೇರಿದ ಎರಡನೆಯ ವರ್ಷ ಇಡೀ ಪ್ಲಟೂನಿನ ಮುಂದೆ ನಿಂತು ಕಮಾಂಡ್ ಕೊಟ್ಟಳು. ಆ ಧೈರ್ಯವನ್ನು ನಾವು ಮನೆಯಲ್ಲಿ ಹೇಳಿಕೊಡಲು ಸಾಧ್ಯವಿರಲಿಲ್ಲ.

ಉತ್ತರ 3: ಪೆರ್ಲದವಳು, ಈಗ ಮಂಗಳೂರಿನಲ್ಲಿ ಪದವಿ ವಿದ್ಯಾರ್ಥಿನಿ

ಅಕ್ಕಾ, ಸೇವಾಕಾರ್ಯದ ಬಗ್ಗೆ ಮಾತ್ರ ನಾನು ಬರೆಯುತ್ತೇನೆ. ಪ್ಲಸ್ ವನ್‌ಗೆ (11ನೇ ತರಗತಿಗೆ) ಹೋದ ಮೇಲೆ ಎನ್ನೆಸ್ಸೆಸ್ (ರಾಷ್ಟ್ರೀಯ ಸೇವಾ ಯೋಜನೆ) ಇದೆ. ಎರಡು ವರ್ಷಗಳಲ್ಲಿ 240 ಗಂಟೆಗಳ ಕೆಲಸ ಮತ್ತು 7 ದಿನಗಳ ಶಿಬಿರ. ನಾನು ಅದರಲ್ಲಿದ್ದಾಗ ಹಾಸಿಗೆ ಹಿಡಿದವರನ್ನು ಮನೆಗೇ ಹೋಗಿ ನೋಡುವ ಪಂಚಾಯತಿನ ಪಾಲಿಯೇಟಿವ್ ನರ್ಸಿನೊಂದಿಗೆ ಕೆಲವು ಮನೆಗಳಿಗೆ ಹೋಗುತ್ತಿದ್ದೆ. ಒಂದು ಮನೆಯಲ್ಲಿ ಹಾಸಿಗೆ ಹಿಡಿದ ಅಜ್ಜನನ್ನು ನರ್ಸ್ ನೋಡುತ್ತಿರುವಾಗ, ಅಜ್ಜಿ ಎಲೆಯಡಿಕೆಯ ತಟ್ಟೆಯ ಅಡಿಯಿಂದ ಮಡಚಿದ ಕಾಗದವೊಂದನ್ನು ತೆಗೆದು, ಇದೇನೆಂದು ನೋಡು ಮಗಾ ಎಂದು ತುಳುವಿನಲ್ಲಿ ಹೇಳಿದರು. ಮಡಿಕೆಯಲ್ಲಿ ಸುಣ್ಣದ ಕಲೆಯಾಗಿತ್ತು. ಅದು ಪಿಂಚಣಿಯ ಮಸ್ಟರಿಂಗ್ (ಪಿಂಚಣಿದಾರರು ಬದುಕಿದ್ದಾರೆಂದು ಬೆರಳಚ್ಚಿನಿಂದ ಖಾತ್ರಿಪಡಿಸುವುದು) ಮಾಡಿಸಬೇಕೆಂಬ ಮಲಯಾಳದ ಸೂಚನೆ. ಕೊನೆಯ ದಿನಕ್ಕೆ ನಾಲ್ಕೇ ದಿನ ಉಳಿದಿತ್ತು. ಅಜ್ಜಿಗೆ ಕನ್ನಡ ಅಕ್ಷರ ಕೂಡಿಸಿ ಓದಲು ಬರುತ್ತಿತ್ತೇ ಹೊರತು ಮಲಯಾಳ ಬರುತ್ತಿರಲಿಲ್ಲ. ಮರುದಿನ ನಾನೂ ನನ್ನ ಗೆಳತಿಯೂ ಅವರನ್ನು ಆಟೋದಲ್ಲಿ, ಸರ್ಕಾರಿ ಆನ್‌ಲೈನ್ ಸೇವೆಗಳನ್ನು ಮಾಡಿಕೊಡುವ ಅಕ್ಷಯ ಕೇಂದ್ರಕ್ಕೆ ಕರೆದುಕೊಂಡು ಹೋಗಿ ಬೆರಳಚ್ಚು ಕೊಡಿಸಿದೆವು.

ನಮ್ಮ ಗಡಿನಾಡಿನಲ್ಲಿ ಕನ್ನಡ, ತುಳು, ಮಲಯಾಳ ಮೂರನ್ನೂ ಬಲ್ಲ ಮಗು ಮಾಡಬಹುದಾದ ಕೆಲಸ ಇಂಥದ್ದು. ಅದಕ್ಕೆ ಸಮವಸ್ತ್ರವಾಗಲಿ ಪ್ರಮಾಣಪತ್ರವಾಗಲಿ ಬೇಕಾಗಿಲ್ಲ, ಪ್ಲಸ್ ವನ್ ಬರುವ ತನಕ ಕಾಯಬೇಕಾಗಿಯೂ ಇಲ್ಲ. ತಂಗಿಗೆ ಈಗ ಹದಿಮೂರು ವರ್ಷವಾದ್ದರಿಂದ ರೋಗಿಗಳ ಮನೆಗೆ ಒಬ್ಬಳನ್ನೇ ಕಳುಹಿಸಬೇಡಿ. ತಿಂಗಳಿಗೆ ಎರಡು ಭಾನುವಾರ ನೀವೇ ಜೊತೆಗೆ ಹೋಗಿ, ನೆರೆಕರೆಯ ಹಿರಿಯರಿಗೆ ಪತ್ರ ಓದಿಹೇಳುವುದು, ಅರ್ಜಿ ತುಂಬಿಸಿಕೊಡುವುದು ಇಷ್ಟರಿಂದ ಆರಂಭಿಸಬಹುದು. ಅವರ ಆಧಾರ್ ಸಂಖ್ಯೆ, ಬ್ಯಾಂಕ್ ಪುಸ್ತಕದ ವಿವರಗಳನ್ನು ಯಾರಿಗೂ ಹೇಳಬಾರದೆಂದು ಮೊದಲೇ ತಿಳಿಸಿಡಿ. ಹೋಗುತ್ತೇನೆಂದು ಮಾತು ಕೊಟ್ಟ ದಿನ ತಪ್ಪದೆ ಹೋಗಬೇಕು, ಏಕೆಂದರೆ ಆ ಅಜ್ಜಿಯಂಥವರು ಬೆಳಗ್ಗಿನಿಂದಲೇ ಜಗಲಿಯಲ್ಲಿ ಕುಳಿತು ದಾರಿ ನೋಡುತ್ತಿರುತ್ತಾರೆ.

ಪ್ರಶ್ನೆ ಕೇಳಿದ ತಾಯಿ

ಎಲ್ಲರಿಗೂ ಕೃತಜ್ಞತೆಗಳು. ಉತ್ತರಗಳನ್ನು ಮಗಳಿಗೆ ಓದಿಹೇಳಿದೆ. ನಾಟ್ಯವನ್ನು ಬಿಡುವುದಿಲ್ಲ ಎಂದಳು. ನಮ್ಮ ಮಾವನವರೂ ಕಲೋತ್ಸವದ ವಿಷಯ ಕೇಳಿದ ಮೇಲೆ ಒಪ್ಪಿದ್ದಾರೆ. ನೆರೆಮನೆಯ ದೊಡ್ಡಮ್ಮನಿಗೆ ಬಂದಿರುವ ಪತ್ರಗಳನ್ನು ಈ ಭಾನುವಾರ ಇಬ್ಬರೂ ಹೋಗಿ ನೋಡುವುದೆಂದು ಮಾತಾಗಿದೆ. ಎಸ್‌ಪಿಸಿಯ ಮೇಲೆ ಅವಳಿಗೆ ಇನ್ನೂ ಮನಸ್ಸಿರುವುದರಿಂದ, ಶನಿವಾರ ಪರೇಡ್ ಇದೆಯೇ, ಇದ್ದರೆ ಎಷ್ಟು ಗಂಟೆಗೆ ಬಿಡುತ್ತಾರೆ ಎಂದು ನಾಳೆ ಟೀಚರನ್ನು ಕೇಳಿ ಬರುತ್ತೇನೆ.