ಅಕ್ಕಿ ಹಾರಿತು, ಅಲ್ಲಿ ಅಲ್ಲಿ!

ಪುಟ್ಟಿ, ನಾನು ದೊಡ್ಡಮ್ಮ. ನಿನ್ನೆ ರಾತ್ರಿ ನೀನು ಗ್ರೂಪಿಗೆ ಹಾಕಿದ್ದನ್ನು ಈಗ ತಾನೇ ನೋಡಿದೆ. ಮಗಳಿಗೆ ಎರಡು ವರ್ಷ ಎರಡು ತಿಂಗಳಾಯಿತು, ಮಾತೆಲ್ಲ ಉಲ್ಟಾಪಲ್ಟಾ, ಮನೆಯಲ್ಲಿ ಕನ್ನಡ, ನೋಡಿಕೊಳ್ಳುವವರದು ಮರಾಠಿ, ಎರಡೂ ಸೇರಿ ಕಲಸುಮೇಲೋಗರ ಆಗಿದೆ, ನಿಮ್ಮ ಮಕ್ಕಳೂ ಹೀಗೇ ಇದ್ದರಾ ಅಂತ ಕೇಳಿದ್ದೀಯ. ಆ ಸಣ್ಣ ಅಕ್ಷರ ಒತ್ತುವುದು ನನ್ನ ಕೈಲಾಗುವುದಿಲ್ಲ. ಫೋನಿಗೆ ಹೇಳುತ್ತಾ ಹೋಗುತ್ತೇನೆ, ಅದೇ ಬರೆದುಕೊಳ್ಳಲಿ. ತಪ್ಪಿದ್ದರೆ ಅದು ಫೋನಿನದು, ನನ್ನದಲ್ಲ. ಉದ್ದ ಆಗುತ್ತದೆ, ಕೆಲಸ ಮುಗಿಸಿ ಕೂತು ಓದು.

ಮೊದಲು ಆ ‘ಬಾಯಿ ಬಂತು’. ನಕ್ಕು ನಕ್ಕು ಕೆಮ್ಮು ಬಂತು ಕಣೇ ನನಗೆ. ಪುಣೆಯಲ್ಲಿ ಮನೆಗೆಲಸದವರನ್ನು ಬಾಯಿ ಅನ್ನುತ್ತಾರೆ, ಸರಿ. ಆದರೆ ಬೆಲ್ ಆದ ತಕ್ಷಣ ನಿನ್ನ ಮಗಳು ‘ಬಾಯಿ ಬಂತು’ ಅಂತ ಕೂಗಿ, ತನ್ನ ಬಾಯಿ ಆ ಅಂತ ತೆರೆದುಕೊಂಡು ಬಾಗಿಲಲ್ಲಿ ನಿಲ್ಲುತ್ತಾಳೆ ಅಂದೆಯಲ್ಲ, ಬಂದವರು ಏನು ಅಂದುಕೊಳ್ಳಬೇಕು! ಹೋಗಲಿ, ಅವಳ ತಪ್ಪೇನಿದೆ? ಇರುವುದು ಎರಡು ಭಾಷೆ, ಒಂದೇ ಬಾಯಿ. ಮರಾಠಿಯ ‘ಇಕಡೆ’, ನಮ್ಮ ‘ಈ ಕಡೆ’ ಎರಡೂ ಅವಳಿಗೆ ಒಂದೇ ಅಂತೆ. ಒಳ್ಳೆಯದೇ ಆಯಿತು, ಯಾರು ಕರೆದರೂ ಬರುತ್ತಾಳೆ.

ಎರಡು ಭಾಷೆ ಕಿವಿಗೆ ಬಿದ್ದರೆ ಮಾತು ತಡ ಆಗುತ್ತದೆ ಅಂತ ಯಾರೋ ನಿನ್ನ ತಲೆಗೆ ತುಂಬಿದ್ದಾರೆ. ಅದನ್ನು ನಂಬಬೇಡ. ಎರಡೂ ಭಾಷೆಯ ಪದ ಸೇರಿಸಿ ಲೆಕ್ಕ ಹಾಕು. ಎರಡು ವರ್ಷದ ಹೊತ್ತಿಗೆ ಐವತ್ತು ಪದ ಇದ್ದು, ಎರಡೆರಡು ಪದ ಜೋಡಿಸುತ್ತಿದ್ದರೆ ಸಾಕು ಅಂತ ಡಾಕ್ಟರುಗಳು ಹೇಳುತ್ತಾರೆ. ನಿನ್ನ ಮಗಳು ‘ಪಾಣಿ ಬೇಕು’ ಅಂತಾಳಲ್ಲ, ಒಂದು ಪದ ಆ ಊರಿಂದ, ಇನ್ನೊಂದು ಈ ಊರಿಂದ. ಜೋಡಿಸಿದ್ದು ಸರಿಯಾಗೇ ಇದೆ. ನೀರು ಕೊಡು.

ಇನ್ನು ನನ್ನ ತಮ್ಮ, ನಿನ್ನ ಸೋದರಮಾವ, ಕೆಳಗೆ ‘ಫೋನ್ ತೋರಿಸಿ ತೋರಿಸಿ ಹೀಗಾಗಿದೆ’ ಅಂತ ಬರೆದಿದ್ದಾನೆ. ಫೋನ್ ಕಡಿಮೆ ಮಾಡು ಅನ್ನುವುದು ಸರಿ, ಅದಕ್ಕೆ ನನ್ನದೂ ಒಂದು ಓಟು. ಆದರೆ ಲೋ, ನೀನು ಮೂರು ವರ್ಷ ತುಂಬುವವರೆಗೂ ಕೋತಿಗೆ ‘ತೋತಿ’ ಅಂತಿದ್ದೆ. ಆಗ ನಮ್ಮ ಮನೆಯಲ್ಲಿ ರೇಡಿಯೋನೂ ಇರಲಿಲ್ಲ. ಸುಮ್ನೆ ಕೂತ್ಕೋ.

ಈಗ ನಮ್ಮ ಗುಂಡನ ವಿಷಯಕ್ಕೆ ಬರುತ್ತೇನೆ. ಮಗಳು ಆಫೀಸಿಗೆ ಹೋಗುತ್ತಾಳೆ ಅಂತ ಇವನನ್ನು ತುಮಕೂರಿಗೆ ಕರೆದುಕೊಂಡು ಬಂದು ಆರು ತಿಂಗಳಾಯಿತು. ಎರಡು ವರ್ಷ ಎಂಟು ತಿಂಗಳು ಅವನಿಗೆ. ನಾಲಿಗೆಗೆ ‘ಹ’ ಇಲ್ಲ, ‘ರ’ ಇಲ್ಲ. ಎರಡು ಇಲ್ಲದಿದ್ದರೂ ದಿನವಿಡೀ ಬಾಯಿ ಮುಚ್ಚುವುದಿಲ್ಲ.

ಹೋದ ತಿಂಗಳು ಒಂದು ಬೆಳಿಗ್ಗೆ ಗೇಟಿನ ಹತ್ತಿರದಿಂದ ‘ಅಜ್ಜೀ, ಅಕ್ಕಿ ಬಂತು, ಅಕ್ಕಿ ಬಂತು’ ಅಂತ ಕೂಗಿದ. ಸೊಸೈಟಿಗೆ ಅಕ್ಕಿ ಬಂದಿದೆ ಅಂತ ಯಾರೋ ಹೇಳಿ ಹೋಗಿರಬೇಕು ಅಂತ ನಾನು ಕಾರ್ಡು, ಚೀಲ ಎರಡೂ ಹಿಡಿದುಕೊಂಡು ಹೊರಗೆ ಬಂದೆ. ನೋಡಿದರೆ ಕಾಂಪೌಂಡಿನ ಮೇಲೆ ಎರಡು ಪಾರಿವಾಳ ಕೂತಿವೆ. ನಾನು ಚೀಲ ಕೊಡವಿದ ಸದ್ದಿಗೆ ಎರಡೂ ಎದ್ದು ಹೋದವು. ‘ಅಕ್ಕಿ ಆಯಿತು’, ಅಂದರೆ ಹಕ್ಕಿ ಹಾರಿತು, ಅಂತ ಇವನ ಅಳು. ಚೀಲ ಹಿಡಿದುಕೊಂಡು ನಾನು ಅಲ್ಲೇ ನಿಂತಿದ್ದೆ, ಎದುರುಮನೆಯವರು ‘ಏನು ಟೀಚರ್, ಅಕ್ಕಿ ಸಿಕ್ಕಿತಾ’ ಅಂತ ಕೇಳಿದರು. ಹಾರಿಹೋಯಿತು ಅಂದೆ.

ಹ ಇಲ್ಲದಿರುವುದಕ್ಕೆ ನಾನು ತಲೆ ಕೆಡಿಸಿಕೊಳ್ಳಲೇ ಇಲ್ಲ. ಹಳಗನ್ನಡದಲ್ಲಿ ಹಾಲಿಗೆ ಪಾಲು, ಹುಲಿಗೆ ಪುಲಿ, ಹಕ್ಕಿಗೆ ಪಕ್ಕಿ ಅಂತಿದ್ದರು ಅಂತ ಮಕ್ಕಳಿಗೆ ಪಾಠ ಮಾಡಿದವಳು ನಾನು. ಪ ಹೋಗಿ ಹ ಬಂತು. ನಮ್ಮ ಗುಂಡ ಆ ಹ ಅನ್ನೂ ಕಿತ್ತು ಹಾಕಿ ಉಳಿದ ಕೆಲಸ ಮುಗಿಸಿದ್ದಾನೆ, ಅಷ್ಟೇ. ನಮ್ಮತ್ತೆ ಕೊನೆವರೆಗೂ ‘ಆಲು ಕಾಯಿಸು’ ಅಂತಲೇ ಹೇಳಿದರು. ಅವರು ಕೆಚ್ಚಲಿಂದ ಕರೆದ ಹಾಲಿಗೇನೂ ಕಡಿಮೆ ಆಗಲಿಲ್ಲ.

ಆದರೆ ಒಂದು ಸಲ ಮಾತ್ರ ಈ ಹ ನನ್ನನ್ನು ಚೆನ್ನಾಗಿ ಸತಾಯಿಸಿತು. ಹಜಾರದಲ್ಲಿ ಕೂತು ಹುರುಳಿಕಾಯಿ ನಾರು ತೆಗೆಯುತ್ತಿದ್ದೆ. ಇವನು ನನ್ನ ಹಿಂದಿನ ಗೋಡೆ ಕಡೆ ಬೆರಳು ಮಾಡಿ ‘ಅಜ್ಜಿ, ಅಲ್ಲಿ’ ಅಂದ. ಎಲ್ಲಿ? ‘ಅಲ್ಲಿ.’ ಏನೋ ಅಲ್ಲಿ? ‘ಅಲ್ಲಿ ಅಲ್ಲಿ!’ ಅದೇ ಅಲ್ಲಿ ಏನಿದೆ ಅಂತ ಹೇಳು. ‘ಅಲ್ಲೀ!’ ಹೀಗೇ ಐದು ನಿಮಿಷ ನಡೆಯಿತು. ಅವನಿಗೆ ನನ್ನ ಮೇಲೆ ಸಿಟ್ಟು, ನನಗೆ ಅವನ ಮೇಲೆ ಸಿಟ್ಟು. ಆಮೇಲೆ ಪಟ್ ಅಂತ ಭುಜದ ಮೇಲೆ ತಣ್ಣಗೆ ಏನೋ ಬಿತ್ತು. ಹಲ್ಲಿ! ಹುರುಳಿಕಾಯಿ ಮನೆ ತುಂಬ. ನಿಮ್ಮ ದೊಡ್ಡಪ್ಪ ನನ್ನನ್ನು ಎಬ್ಬಿಸುವುದು ಬಿಟ್ಟು, ಎಡ ಭುಜವಾ ಬಲ ಭುಜವಾ ಅಂತ ಪಂಚಾಂಗ ತೆಗೆದು ಹಲ್ಲಿ ಬಿದ್ದ ಫಲ ನೋಡುತ್ತಾ ಕೂತರು. ಗುಂಡ ಮಾತ್ರ ಮುಖ ಊದಿಸಿಕೊಂಡು ‘ಅಲ್ಲಿ ಅಲ್ಲಿ ಅಂದೆ’ ಅಂದ. ಪಾಪ, ಅವನು ಹೇಳಿದ್ದು ಅಕ್ಷರಶಃ ಸರಿ. ಅಲ್ಲಿ ಹಲ್ಲಿ. ಕೇಳಿಸಿಕೊಳ್ಳಲು ಬರದೆ ಇದ್ದದ್ದು ನನಗೆ.

ಅಂದ ಹಾಗೆ ಈಗ ಈ ಫೋನೂ ಅಷ್ಟೇ, ನಾನು ಹಲ್ಲಿ ಅಂದರೆ ಎರಡು ಸಲ ಹಳ್ಳಿ ಅಂತ ಬರೆಯಿತು. ಕೈಯಿಂದ ತಿದ್ದಬೇಕಾಯಿತು. ಇಷ್ಟು ದುಡ್ಡು ಕೊಟ್ಟು ತಂದ ಫೋನಿಗೇ ಹೀಗೆ.

ಮಗಳು ‘ಬೀಳಿದೆ’ ಅಂತಾಳೆ ಅಂತ ನೀನು ಬರೆದಿದ್ದೀಯಲ್ಲ, ಅದನ್ನು ಓದಿ ನನಗೆ ಖುಷಿಯಾಯಿತು. ಇವನೂ ಅದೇ. ನಾನು ಬೀಳಿದೆ, ದೋಸೆ ತಿನ್ನಿದೆ, ಅಮ್ಮ ಕೊಡಿದಳು. ಯೋಚನೆ ಮಾಡು, ನಿಮ್ಮ ಮನೆಯಲ್ಲಿ ಯಾರಾದರೂ ಬೀಳಿದೆ ಅಂತಾರಾ? ಯಾರೂ ಇಲ್ಲ. ಹಾಗಾದರೆ ಎಲ್ಲಿಂದ ಬಂತು? ಮಾಡು ಮಾಡಿದೆ, ಓಡು ಓಡಿದೆ, ಹಾಡು ಹಾಡಿದೆ ಅಂತ ಕೇಳಿ ಕೇಳಿ, ಓಹೋ ಕೊನೆಗೆ ‘ಇದೆ’ ಹಚ್ಚಿದರೆ ಆಗಿಹೋದದ್ದು ಅಂತ ಅವಳೇ ಒಂದು ನಿಯಮ ಕಂಡುಹಿಡಿದಿದ್ದಾಳೆ. ಬಿದ್ದೆ, ತಿಂದೆ, ಕೊಟ್ಟೆ, ನಿಂತೆ, ಇವೆಲ್ಲ ನಿಯಮ ಬಿಟ್ಟು ಓಡಾಡುವ ಪದಗಳು. ತಪ್ಪು ಭಾಷೆಯದು, ಮಗುವಿನದಲ್ಲ ಅಂತ ನನಗೆ ಈಗೀಗ ಅನ್ನಿಸುತ್ತದೆ. ಮೂವತ್ತು ವರ್ಷ ಕೆಂಪು ಶಾಯಿ ಹಿಡಿದು ಮಕ್ಕಳ ಕಾಪಿ ತಿದ್ದಿದೆ. ಇದು ಆಗ ಹೊಳೆಯಲಿಲ್ಲ.

ನೀನು ತಿದ್ದಲು ಹೋಗಬೇಡ. ‘ಬೀಳಿದೆ’ ಅಂದರೆ ‘ಅಯ್ಯೋ ಬಿದ್ದೆಯಾ? ಎಲ್ಲಿ ಬಿದ್ದೆ ಕಂದ?’ ಅಂದುಬಿಡು, ಸಾಕು. ಸರಿಯಾದದ್ದು ಕಿವಿಗೆ ಬಿದ್ದಿರುತ್ತದೆ. ತಾನೇ ಒಂದು ದಿನ ಬದಲಾಯಿಸಿಕೊಳ್ಳುತ್ತಾಳೆ.

ಮತ್ತೆ ನಿನ್ನ ಮಗಳ ‘ಎತ್ಕೊಳ್ಳಾ?’ ಕೂಡ ಇವನಲ್ಲಿ ಇದೆ. ಎರಡು ಕೈ ಮೇಲೆ ಮಾಡಿಕೊಂಡು ಬಂದು ನನ್ನನ್ನೇ ಕೇಳುತ್ತಾನೆ, ‘ಅಜ್ಜಿ, ಎತ್ಕೊಳ್ಳಾ?’ ಇವನು ನನ್ನನ್ನು ಎತ್ತಿಕೊಳ್ಳುತ್ತಾನಂತೆ! ನಾವು ದಿನಾ ಹಾಗೆ ಕೇಳಿಯೇ ಎತ್ತಿಕೊಳ್ಳುವುದಲ್ವಾ, ಅದಕ್ಕೆ ಆ ಮಾತು ಹೇಳಿದರೆ ಮೇಲೆ ಹೋಗಬಹುದು ಅಂತ ಅವನ ಲೆಕ್ಕ. ಲಡ್ಡು ಕಂಡರೆ ‘ನಿಂಗೆ ಬೇಕು’ ಅಂತಾನೆ. ನಾನು ನನಗೆ ಬೇಡ ಅಂದು ಡಬ್ಬ ಮುಚ್ಚಿದರೆ ರಂಪ. ಕಾರ ಅನ್ನುವುದೂ ಹಾಗೇ, ಮಂಡಿ ತರಚಿದರೆ ಮಂಡಿ ಕಾರ, ಕಣ್ಣಿಗೆ ಸೋಪು ಹೋದರೆ ಕಣ್ಣು ಕಾರ, ಬೈದರೆ ಅಜ್ಜಿ ಕಾರ.

ಬಹುವಚನದ ಕತೆ ಕೇಳು. ನಮ್ಮ ಮನೆಗೆ ಬಂದವರಿಗೆಲ್ಲ ‘ಬನ್ನಿ, ಕೂತ್ಕೊಳ್ಳಿ, ಕಾಫಿ ಕುಡೀತೀರಾ’ ಅನ್ನುವುದು ಕೇಳಿ ಕೇಳಿ ಇವನಿಗೆ ಬಾಯಿಪಾಠ ಆಗಿದೆ. ಯಾರಿಗೆ ಹೇಳಬೇಕು ಅನ್ನುವುದು ಮಾತ್ರ ಗೊತ್ತಿಲ್ಲ. ಬೀದಿ ನಾಯಿ ಗೇಟಿನೊಳಗೆ ಬಂದರೆ ‘ಬನ್ನಿ, ಕೂತ್ಕೊಳ್ಳಿ.’ ಬೆಳಿಗ್ಗೆ ಅನ್ನ ಇಟ್ಟರೆ ‘ಕಾಗೆ ಬಂದ್ಯು.’ ಶನಿವಾರ ಅವರಪ್ಪ ಬೆಂಗಳೂರಿಂದ ಬಸ್ ಇಳಿದು, ಬ್ಯಾಗು ಹೊತ್ತುಕೊಂಡು, ಬೆವರು ಸುರಿಸಿಕೊಂಡು ಒಳಗೆ ಬಂದರೆ ‘ಅಪ್ಪ ಬಂತು’! ಅಳಿಯಂದಿರು ಏನೂ ಬೇಜಾರು ಮಾಡಿಕೊಳ್ಳಲಿಲ್ಲ, ಪಾಪ. ‘ಕಾಗೆಗಾದರೂ ಮರ್ಯಾದೆ ಇದೆಯಲ್ಲ ಅತ್ತೆ’ ಅಂದರು.

ಪುಟ್ಟಿ, ಒಂದು ಮಾತು ಗಂಭೀರವಾಗಿ ಹೇಳುತ್ತೇನೆ. ತಪ್ಪು ತಪ್ಪಾಗಿ ಮಾತಾಡುವ ಮಗುವಿಗೆ ಹೆದರಬೇಡ. ಮಾತೇ ಬಾರದೆ ಇದ್ದರೆ, ಹಿಂದಿನಿಂದ ಕರೆದರೆ ತಿರುಗದೆ ಇದ್ದರೆ ಮಾತ್ರ ತಡ ಮಾಡಬಾರದು. ನಮ್ಮ ನೆಂಟರ ಪೈಕಿ ಒಂದು ಮಗು ಎರಡು ವರ್ಷಕ್ಕೂ ಅಮ್ಮ ಅನ್ನಲಿಲ್ಲ. ಗಂಡುಮಕ್ಕಳಿಗೆ ಮಾತು ತಡ ಅಂತ ಒಬ್ಬರು, ಅವರಪ್ಪನೂ ಹಾಗೇ ಅಂತ ಇನ್ನೊಬ್ಬರು, ನಾಲಿಗೆಗೆ ಬಜೆ ತೇದು ಜೇನಲ್ಲಿ ನೆಕ್ಕಿಸಿ ಅಂತ ಮತ್ತೊಬ್ಬರು. ಈ ಮತ್ತೊಬ್ಬರು ನಾನೇ, ಒಪ್ಪಿಕೊಳ್ಳುತ್ತೇನೆ. ಕೊನೆಗೆ ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗೆ ಕರೆದುಕೊಂಡು ಹೋದರು. 1965ರಿಂದ ಇರುವ ಸಂಸ್ಥೆ ಅದು. ಪರೀಕ್ಷೆ ಮಾಡಿದರೆ ಕಿವಿ ಸರಿಯಾಗಿ ಕೇಳಿಸುತ್ತಿರಲಿಲ್ಲ. ಕೇಳದೆ ಮಾತು ಎಲ್ಲಿಂದ ಬರಬೇಕು? ಮಿಷನ್ ಹಾಕಿಸಿದರು, ಮಾತು ಕಲಿಸುವುದಕ್ಕೆ ವರ್ಷಗಟ್ಟಲೆ ಓಡಾಡಿದರು. ಈಗ ಆ ಹುಡುಗ ಏಳನೇ ಕ್ಲಾಸು, ಹಬ್ಬಕ್ಕೆ ಬಂದರೆ ಕ್ರಿಕೆಟ್ ವಿಷಯ ಹೇಳಿ ಹೇಳಿ ನಮ್ಮ ಕಿವಿ ತೂತು ಮಾಡುತ್ತಾನೆ. ಜೇನಿನ ಮಾತು ಬಂತು ಅಂತ ಹೇಳುತ್ತೇನೆ, ವರ್ಷ ತುಂಬದ ಕೂಸಿಗೆ ಅದನ್ನು ಕೊಡಲೇಬಾರದಂತೆ. ನಿನ್ನ ನಾದಿನಿಗೂ ಹೇಳು.

ನಿನ್ನ ಅಕ್ಕ, ಅಂದರೆ ಈ ಗುಂಡನ ಅಮ್ಮ, ಚಿಕ್ಕವಳಾಗಿದ್ದಾಗ ಹೇಳಿದ್ದೊಂದು ಇದೆ. ಈ ಗ್ರೂಪಿನಲ್ಲಿ ಅರ್ಧ ಜನಕ್ಕೆ ಗೊತ್ತಿಲ್ಲ. 1993ನೇ ಇಸವಿ, ಆಗ ಅವಳಿಗೆ ಎರಡೂವರೆ ವರ್ಷ. ನಮ್ಮ ಮಾವನವರು ದಿನಾ ಸಂಜೆ ಅಂಗಡಿ ಬೀದಿಗೆ ಹೊರಡುವಾಗ ‘ಬರ್ತೀನಿ ಕಂದ’ ಅಂತಿದ್ದರು. ಬರುವಾಗ ಜೇಬಲ್ಲಿ ಪೆಪ್ಪರ್‌ಮೆಂಟು. ಇವಳು ಒಂದು ದಿನ ‘ಹೋಗ್ತೀನಿ’ ಅಂದಾಗ ಅವರೇ ಕೂರಿಸಿಕೊಂಡು ಹೇಳಿಕೊಟ್ಟರು, ಹಾಗನ್ನಬಾರದು, ಹೊರಡುವಾಗ ಬರ್ತೀನಿ ಅನ್ನಬೇಕು ಅಂತ. ಅವತ್ತಿಂದ ಬಚ್ಚಲಿಗೆ ಹೋಗುವುದಕ್ಕೂ ‘ಬತ್ತೀನಿ’ ಹೇಳಿಯೇ ಹೋಗುತ್ತಿದ್ದಳು.

ಆ ವರ್ಷ ಕಾರ್ತಿಕದಲ್ಲಿ ಮಾವ ರಾತ್ರಿ ಮಲಗಿದವರು ಏಳಲಿಲ್ಲ. ಮನೆ ತುಂಬ ಜನ. ಬಂದವರೆಲ್ಲ ‘ಹೋಗ್ಬಿಟ್ರಲ್ಲಾ, ಹೋಗ್ಬಿಟ್ರಲ್ಲಾ’ ಅಂತ ಅಳುತ್ತಿದ್ದರು. ಅತ್ತೆ ಮಾತ್ರ ಕಂಬಕ್ಕೆ ಒರಗಿ ಕೂತವರು ಬೆಳಗಿಂದ ಒಂದು ಹನಿ ಕಣ್ಣೀರು ಹಾಕಿರಲಿಲ್ಲ. ಇವಳು ಹೋಗಿ ಅವರ ಸೆರಗು ಎಳೆದು ಕೇಳಿದಳು, ‘ಅಜ್ಜಿ, ತಾತ ಬತ್ತೀನಿ ಅನ್ಲಿಲ್ವಾ?’

ಅತ್ತೆ ಅವಳನ್ನು ತೊಡೆ ಮೇಲೆ ಎಳೆದುಕೊಂಡು ‘ಮರೆತುಬಿಟ್ರು ಕಣೆ’ ಅಂದರು. ಆಮೇಲೆ ಅತ್ತರು.

ಹಾರ ಹಾಕಿದ ಫೋಟೋ ಮುಂದೆ ನಿಂತು ಎಷ್ಟೋ ದಿನ ಅವಳು ಗದರಿಸುತ್ತಿದ್ದಳು, ‘ತಾತಾ, ಬತ್ತೀನಿ ಅನ್ನು’ ಅಂತ. ಆಮೇಲೆ ಯಾವಾಗ ಬಿಟ್ಟಳೋ ನೆನಪಿಲ್ಲ. ಅವಳಿಗಂತೂ ಒಂದೂ ನೆನಪಿಲ್ಲ, ನಾನು ಹೇಳಿದಾಗಲೇ ಗೊತ್ತಾಗಿದ್ದು.

ಹೋದ ಶನಿವಾರ ಅವಳೂ ಇಲ್ಲೇ ಇದ್ದಳು. ರಾತ್ರಿ ಊಟಕ್ಕೆ ಕೂತಾಗ ಮಳೆ ಶುರುವಾಗಿ ಕರೆಂಟ್ ಹೋಯಿತು. ‘ಅಯ್ಯೋ, ಕರೆಂಟ್ ಹೋಯ್ತು’ ಅಂದೆ. ಕತ್ತಲಲ್ಲಿ ಗುಂಡನ ದನಿ, ‘ಕಯೆಂಟ್ ಬತ್ತೀನಿ ಅಂತಾ?’

ನಾನೂ ಮಾತಾಡಲಿಲ್ಲ, ಅವಳೂ ಮಾತಾಡಲಿಲ್ಲ. ಅವಳ ಕೈ ಬಂದು ನನ್ನ ಕೈ ಹಿಡಿದುಕೊಂಡಿತು, ಸಾರು ಅನ್ನದ ಕೈ. ನಿಮ್ಮ ದೊಡ್ಡಪ್ಪ ಮೇಣದಬತ್ತಿ ಹುಡುಕುತ್ತಾ ಯಾವುದೋ ಪಾತ್ರೆ ಬೀಳಿಸಿದರು. ಹತ್ತು ನಿಮಿಷ ಆಗಿರಬಹುದು, ದೀಪ ಬಂತು. ಗುಂಡ ತಟ್ಟೆ ಬಿಟ್ಟು ಎದ್ದು ನಿಂತು, ಟ್ಯೂಬ್‌ಲೈಟಿಗೆ ಎರಡೂ ಕೈ ತೋರಿಸಿ, ‘ಬನ್ನಿ, ಕೂತ್ಕೊಳ್ಳಿ, ಕಾಫಿ ಕುಡೀತೀಯಾ?’ ಅಂದ.

ಸರಿ, ಅವನು ಎದ್ದ ಹಾಗಿದೆ, ಒಳಗಿಂದ ‘ಎತ್ಕೊಳ್ಳಾ’ ಅಂತಿದ್ದಾನೆ. ನಿನ್ನ ಮಗಳು ‘ಬಾಯಿ ಬಂತು’ ಅನ್ನುವುದನ್ನು ರೆಕಾರ್ಡ್ ಮಾಡಿ ಹಾಕು, ಫೋಟೋ ಬೇಡ, ಫೋಟೋ ಬೇಕಾದಷ್ಟಿದೆ. ನನಗೆ ದನಿ ಬೇಕು. ನಿಮ್ಮಕ್ಕನದು ಒಂದೂ ಇಲ್ಲ ನನ್ನ ಹತ್ತಿರ, ಆಗ ಟೇಪ್ ರೆಕಾರ್ಡರ್ ಪಕ್ಕದ ಮನೆಯಲ್ಲಿತ್ತು, ಕೇಳುವುದಕ್ಕೆ ಸಂಕೋಚ ಪಟ್ಟೆ. ಇಡ್ತೀನಿ ಪುಟ್ಟಿ.