ಬಾಣಂತಿ ಕೋಣೆಯ ಥ್ರಿಲ್ಲರ್: ಕಾಲಕ್ರಮ ಹೊಂದುತ್ತಾ?

ಪ್ರಶ್ನೆ: ಕಾದಂಬರಿಯ ನಾಯಕಿ ಚೊಚ್ಚಲ ಬಾಣಂತಿ, ತವರುಮನೆಯಲ್ಲಿದ್ದಾಳೆ. ಮಗುವನ್ನು ಯಾರೋ ಬದಲಾಯಿಸಿದ್ದಾರೆ ಅನ್ನೋ ಅನುಮಾನ ಮೂರನೇ ತಿಂಗಳಿಂದ ನಿಧಾನಕ್ಕೆ ಬೆಳೆಯುತ್ತೆ. ಇದು ವೈದ್ಯಕೀಯವಾಗಿ ಸರಿಯೇ? ಮನೆ ತುಂಬ ಜನ ಇರುವಾಗ ಒಂಟಿತನ ತೋರಿಸೋದು ಹೇಗೆ?

ಉತ್ತರ 1: ಮೂರನೇ ತಿಂಗಳು ತಡ. ಹಳಬರು ಬಾಣಂತಿ ಸನ್ನಿ ಅಂತಿದ್ದ ಪೋಸ್ಟ್‌ಪಾರ್ಟಮ್ ಸೈಕೋಸಿಸ್ (ಹೆರಿಗೆಯ ನಂತರದ ತೀವ್ರ ಮಾನಸಿಕ ಕಾಯಿಲೆ) ಸಾಮಾನ್ಯವಾಗಿ ಮೊದಲ 2 ವಾರದಲ್ಲೇ ದಿಢೀರ್ ಅಂತ ಬರುತ್ತೆ, 1000 ಹೆರಿಗೆಗೆ 1–2. ಮೊದಲ ಸುಳಿವು ನಿದ್ದೆ: ಮಗು ಮಲಗಿದರೂ ಇವಳಿಗೆ ಕಣ್ಣು ಮುಚ್ಚಲ್ಲ, ಆದರೂ ಹುರುಪು. ಬೆಳಿಗ್ಗೆ ಚೆನ್ನಾಗಿದ್ದವಳು ಸಂಜೆಗೆ ಗೊಂದಲ. ಈ ಏರಿಳಿತ ನಿಮಗೆ ವರ, ಮನೆಯವರು ‘ಈಗ ಸರಿಯಾಗಿದ್ದಾಳಲ್ಲ’ ಅಂತ ಸುಮ್ಮನಾಗ್ತಾರೆ. ಬೈಪೋಲಾರ್ (ಅತಿ ಹುರುಪು, ಖಿನ್ನತೆ ಎರಡೂ ಬಂದುಹೋಗುವ ಕಾಯಿಲೆ) ಹಿನ್ನೆಲೆ ಇದ್ದರೆ ಅಪಾಯ ಹೆಚ್ಚು, ಅದನ್ನ ಮೊದಲ ಅಧ್ಯಾಯದಲ್ಲೇ ಹುದುಗಿಸಿಡಿ. ಹೆರಿಗೆಯಾದ 3–5ನೇ ದಿನ ತಾಯಿಗೆ ಬರುವ ಅಳು ಬೇರೆ, 2 ವಾರದೊಳಗೆ ಇಳಿಯುತ್ತೆ. ಮಗುವಿಗೆ ಏನಾದರೂ ಮಾಡಿಬಿಡ್ತೀನೇನೋ ಅಂತ ಹೆದರಿ ಚಾಕು ಬಚ್ಚಿಡುವವಳದ್ದು ಹೆಚ್ಚಾಗಿ ಓಸಿಡಿ, ಅಂದರೆ ಬೇಡದ ಯೋಚನೆ ಪದೇ ಪದೇ ಕಾಡುವ ಗೀಳು ಕಾಯಿಲೆ. ಅವಳಿಗೆ ಆ ಯೋಚನೆಯೇ ಅಸಹ್ಯ. ಥ್ರಿಲ್ಲರ್‌ಗಳು ಸನ್ನಿ, ಓಸಿಡಿ ಎರಡನ್ನೂ ಕಲಸಿಬಿಡುತ್ತವೆ.

ಉತ್ತರ 2: ಒಂಟಿತನಕ್ಕೆ ಖಾಲಿ ಬಂಗಲೆ ಬೇಡ, ಬಾಣಂತನದ ಕಟ್ಟುಪಾಡೇ ಸಾಕು. ಮುಚ್ಚಿದ ಕಿಟಕಿ, ಸಾಂಬ್ರಾಣಿ ಹೊಗೆ, ತಲೆಗೆ ಬಿಗಿದ ಬಟ್ಟೆ. ಎಲ್ಲಕ್ಕಿಂತ ಮುಖ್ಯ, ಕಿವಿಗೆ ಹತ್ತಿ. ಅವಳಿಗೆ ಕೇಳಿದ್ದು ಮಗುವಿನ ಅಳುವೋ, ಪಕ್ಕದ ಕೋಣೆಯ ಪಿಸುಮಾತೋ? ಓದುಗನೂ ಅವಳ ಕಿವಿಯಲ್ಲೇ ಕೇಳಬೇಕು. ಬಂದವರೆಲ್ಲ ಮಗುವನ್ನೇ ಎತ್ತಿಕೊಳ್ತಾರೆ, ‘ಹಾಲು ಬರ್ತಿದೆಯಾ?’ ಅಂತ ಕೇಳ್ತಾರೆ. ಅವಳನ್ನ ಹೆಸರು ಹಿಡಿದು ಕರೆಯೋರು ಯಾರೂ ಇಲ್ಲ. ಇಡೀ ಕಾದಂಬರಿಯಲ್ಲಿ ಒಬ್ಬರೇ ಒಬ್ಬರು ಕರೆಯಲಿ. ಅನುಮಾನ ಅವರ ಮೇಲೇ ಬರಲಿ. ಹಸುಗೂಸಿಗೆ ದಿನಕ್ಕೆ 8–12 ಸಲ ಹಾಲೂಡಿಸಬೇಕು, ಅಧ್ಯಾಯಗಳನ್ನ ಆ ಲಯಕ್ಕೇ ಕತ್ತರಿಸಿ.

ಉತ್ತರ 3: ಬಾಣಂತಿಯರ ಖಿನ್ನತೆ ಪತ್ತೆಗೆ ಬಳಸುವ ಎಡಿನ್‌ಬರೋ ಪ್ರಶ್ನಾವಳಿಯ ಒಂದು ದೃಶ್ಯ ಇಡಿ. ಕಳೆದ 7 ದಿನಗಳ ಬಗ್ಗೆ 10 ಪ್ರಶ್ನೆ, ಕೊನೆಯದು ತನಗೆ ತಾನೇ ಹಾನಿ ಮಾಡಿಕೊಳ್ಳುವ ಯೋಚನೆ ಬಗ್ಗೆ. ಅಮ್ಮ ಪಕ್ಕದಲ್ಲೇ ಕೂತಿದ್ದರೆ ಉತ್ತರ ‘ಇಲ್ಲ’ ಅಂತಲೇ! ಅದು ಖಿನ್ನತೆಯ ಜರಡಿ, ಸನ್ನಿಯನ್ನ ಹಿಡಿಯೋಕೆ ಮಾಡಿದ್ದಲ್ಲ. ಹಾಗಾಗಿ ಅಂಕ ಕಮ್ಮಿ ಬಂತು ಅಂತ ಮನೆಗೆ ಕಳಿಸೋದು ನಂಬುವಂಥ ತಪ್ಪು. ‘ಎಲ್ಲಾ ಅವಳ ಭ್ರಮೆ’ ಅಂತ ಮುಗಿಸೋದು ಮಾತ್ರ ಸೋಮಾರಿತನ. ಕಾಯಿಲೆಯೂ ನಿಜ, ಮನೆಯಲ್ಲೊಬ್ಬರು ಸುಳ್ಳು ಹೇಳ್ತಿರೋದೂ ನಿಜ ಅಂತಾದರೆ? ಚಿಕಿತ್ಸೆಗೆ ಅವಳನ್ನ ಮಗುವಿನಿಂದ ಬೇರ್ಪಡಿಸಲೇಬೇಕು ಅಂತಿಲ್ಲ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇಬ್ಬರನ್ನೂ ಒಟ್ಟಿಗೆ ಇಟ್ಟುಕೊಳ್ಳುವ ತಾಯಿ-ಮಗು ಘಟಕ ಇದೆ. ‘ಮಗು ಇಲ್ಲೇ ಇರಲಿ’ ಅಂತ ಹಟ ಹಿಡಿಯೋರು ಯಾರು ಅನ್ನೋದರಲ್ಲೇ ನಿಮ್ಮ ಕ್ಲೈಮ್ಯಾಕ್ಸ್ ಇರಬಹುದು.