ಗೆಟ್ ಸ್ಮಾರ್ಟ್: ಹಳೇ ಸೀರಿಯಲ್ಲಾ, 2008ರ ಸಿನಿಮಾನಾ?

ಹಳೇ ಆಂಟೆನಾ: 2008ರ ‘ಗೆಟ್ ಸ್ಮಾರ್ಟ್’ ಮತ್ತೊಮ್ಮೆ ನೋಡಿದೆ. ಎಂಟು ಕೋಟಿ ಡಾಲರ್ ಸುರಿದು ಮಾಡಿದ ತಪ್ಪು ಅದು. ಮೆಲ್ ಬ್ರೂಕ್ಸ್, ಬಕ್ ಹೆನ್ರಿ ಸೇರಿ 1965ರ ಅಮೆರಿಕನ್ ಟಿವಿ ಕಾಮಿಡಿ ಸೀರಿಯಲ್ಲಿಗೆ ಹುಟ್ಟಿಸಿದ ಗೂಢಚಾರ ಮ್ಯಾಕ್ಸ್‌ವೆಲ್ ಸ್ಮಾರ್ಟ್‌ಗೆ ತಾನು ದಡ್ಡ ಅಂತ ಗೊತ್ತೇ ಇರಲಿಲ್ಲ. ನಗು ಇದ್ದದ್ದೇ ಅಲ್ಲಿ. ಸಿನಿಮಾದ ಮ್ಯಾಕ್ಸ್ ಜಾಣ. ಏಜೆಂಟ್ ಪರೀಕ್ಷೆ ಪಾಸಾಗಿದ್ದಾನೆ, ಆದರೂ ಗೂಢಚಾರ ಸಂಸ್ಥೆ ಕಂಟ್ರೋಲ್‌ನ ಚೀಫ್ ಅವನನ್ನು ಮೇಜಿನಿಂದ ಏಳಲು ಬಿಡುವುದಿಲ್ಲ. ಅವನನ್ನು ನೋಡಿದರೆ ಪಾಪ ಅನಿಸುತ್ತದೆ, ನಗು ಬರುವುದಿಲ್ಲ. ಸಾಲದ್ದಕ್ಕೆ ಅವನ ಜೊತೆಗಾತಿ ಏಜೆಂಟ್ 99ರ ವಯಸ್ಸು ಮುಚ್ಚಲು ಪ್ಲಾಸ್ಟಿಕ್ ಸರ್ಜರಿ ಕಥೆ ಬೇರೆ.

ಪಾಪ್‌ಕಾರ್ನ್ ಪುಟ್ಟ: ‘ತಪ್ಪು’ ಅಂದಿರಿ. ಜಗತ್ತಿನಾದ್ಯಂತ ಸುಮಾರು 23 ಕೋಟಿ ಡಾಲರ್ ದುಡಿದಿದೆ ಸ್ವಾಮಿ. ಇಂಥ ತಪ್ಪು ನನ್ನ ಕೈಯಿಂದಲೂ ಒಂದಾಗಲಿ.

ಹಳೇ ಆಂಟೆನಾ: ದುಡ್ಡಿನ ಲೆಕ್ಕ ನಿರ್ಮಾಪಕರಿಗೆ ಬಿಡಿ. ಸೀರಿಯಲ್ಲಿನ ಮ್ಯಾಕ್ಸ್ ಡಾನ್ ಆಡಮ್ಸ್‌ಗೆ ಸತತ ಮೂರು ವರ್ಷ ಟಿವಿಯ ಎಮ್ಮಿ ಪ್ರಶಸ್ತಿ ಬಂತು. ಸೀರಿಯಲ್ 138 ಕಂತು ಓಡಿತು. ನಿಮ್ಮ 23 ಕೋಟಿಯ ಸಿನಿಮಾಗೆ ಎರಡನೇ ಭಾಗ ಎಲ್ಲಿದೆ ತೋರಿಸಿ.

ಬಸವನಗುಡಿ ಬಾಬು: ಇಬ್ಬರೂ ಒಂದು ನಿಮಿಷ. ಹಳೆಯದರ ಮೊದಲ ಕಂತಿನಲ್ಲಿ ಸಿಕ್ಕಿಬಿದ್ದ ಮ್ಯಾಕ್ಸ್, ಏಳು ಕರಾವಳಿ ಕಾವಲು ಹಡಗು ಬರುತ್ತಿವೆ ಅಂತ ಬುರುಡೆ ಬಿಡುತ್ತಾನೆ. ನಂಬಲಿಲ್ಲ ಅಂದರೆ ಆರು. ಅದೂ ಇಲ್ಲ ಅಂದರೆ ದೋಣಿಯಲ್ಲಿ ಇಬ್ಬರು ಪೊಲೀಸರು. ಸಿನಿಮಾದಲ್ಲೂ ಅದೇ ವರಸೆ ಇದೆ. ಕಮಾಂಡೋ ಪಡೆಯಿಂದ ಶುರುವಾಗಿ, ಏರ್‌ಗನ್ ಹಿಡಿದ ಆ್ಯಕ್ಷನ್ ಹೀರೋ ಚಕ್ ನಾರಿಸ್‌ಗೆ ಇಳಿಯುತ್ತದೆ. ಸಿನಿಮಾದ ಮ್ಯಾಕ್ಸ್ ಸ್ಟೀವ್ ಕ್ಯಾರೆಲ್ ಚೆನ್ನಾಗಿಯೇ ಹೇಳಿದ್ದಾರೆ.

ಸುಮಾ ಕೆ: ‘ವಯಸ್ಸು ಮುಚ್ಚಲು’ ಅನ್ನುವ ಮಾತನ್ನು ಎಲ್ಲರೂ ದಾಟಿಕೊಂಡು ಹೋದಿರಲ್ಲ. ಕ್ಯಾರೆಲ್ ಹುಟ್ಟಿದ್ದು 1962, 99 ಆದ ಆ್ಯನ್ ಹ್ಯಾಥವೇ 1982. 99 ಅನುಭವಿ ಏಜೆಂಟ್ ಆಗಿರಬೇಕು, ಮುಖ ಮಾತ್ರ ಎಳೆಯದಾಗಿರಬೇಕು. ಅದಕ್ಕೊಂದು ಆಪರೇಷನ್. ಹೀರೋ ವಯಸ್ಸಿಗೆ ಯಾವ ನೆಪವೂ ಬೇಡ. ಚೆನ್ನಾಗಿದೆ.

ಪಾಪ್‌ಕಾರ್ನ್ ಪುಟ್ಟ: ಆಡಮ್ಸ್ 1923, ಹಳೆಯ 99 ಬಾರ್ಬರಾ ಫೆಲ್ಡನ್ 1933. ಆಗ ಯಾರೂ ಲೆಕ್ಕ ಕೇಳಲಿಲ್ಲ ಮೇಡಂ.

ಸುಮಾ ಕೆ: ಹತ್ತಕ್ಕೂ ಇಪ್ಪತ್ತಕ್ಕೂ ವ್ಯತ್ಯಾಸ ಕಾಣದವರ ಹತ್ತಿರ ಇನ್ಯಾವ ಲೆಕ್ಕ ಮಾತಾಡಲಿ?

ಸದ್ದಿಲ್ಲದ ಗೂಢಚಾರ: ಸಿನಿಮಾ ನೋಡದೆ ಮಾತಾಡುವವರು ಇಲ್ಲಿ ಜಾಸ್ತಿ. ಶತ್ರು ಸಂಸ್ಥೆ ಕೆಯಾಸ್‌ನವರು ಕಂಟ್ರೋಲ್ ಕಚೇರಿಗೆ ನುಗ್ಗುತ್ತಾರೆ. ಏಜೆಂಟರ ಗುರುತೆಲ್ಲ ಬಯಲಾಗುತ್ತದೆ. ಮುಖ ಬದಲಾಗಿರುವುದರಿಂದ ಹಳಬರಲ್ಲಿ 99 ಒಬ್ಬಳನ್ನು ಮಾತ್ರ ಕಳಿಸಬಹುದು. ಮ್ಯಾಕ್ಸ್ ಹೊಸಬ, ಅವನನ್ನು ಯಾರೂ ಗುರುತಿಸುವುದಿಲ್ಲ. ಸರ್ಜರಿ ತೆಗೆದರೆ ಕಥೆಯೇ ನಿಲ್ಲುವುದಿಲ್ಲ.

ಸುಮಾ ಕೆ: ‘ನೋಡದೆ’ನಾ? ರೀ, ಆ ಕಥೆ ಬರೆದವರು ಯಾರು? ಮುಖ ಬದಲಿಸಲೇಬೇಕು ಅಂದರೆ ನಲವತ್ತೈದರ ಮುಖವನ್ನು ಇನ್ನೊಂದು ನಲವತ್ತೈದರ ಮುಖ ಮಾಡಬಹುದಿತ್ತು. ಎಳೆಯ ಮುಖವೇ ಯಾಕೆ? ಇದಕ್ಕೆ ಉತ್ತರ ಕೊಡಿ, ಆಮೇಲೆ ಕೆಯಾಸ್ ಕಥೆ ಹೇಳುವಿರಂತೆ.

ಸದ್ದಿಲ್ಲದ ಗೂಢಚಾರ: ಕಾಮಿಡಿ ಸಿನಿಮಾ ಅದು. ಕೋರ್ಟ್ ಕೇಸಲ್ಲ.

ಬಸವನಗುಡಿ ಬಾಬು: ಮರದೊಳಗೆ ಅವಿತುಕೊಂಡ ಏಜೆಂಟ್ 13 ಆಗಿ ಬಿಲ್ ಮರ್ರೆ ಬರುವುದು ಯಾರಿಗೂ ನೆನಪಿಲ್ಲವಾ? ಹಳೇ ಸೀರಿಯಲ್ಲಿಗೆ ಒಳ್ಳೆಯ ನಮಸ್ಕಾರ ಅದು.

ಪಾಪ್‌ಕಾರ್ನ್ ಪುಟ್ಟ: ಸುಮಾ ಮೇಡಂ, ಹಳೆಯದರಲ್ಲಿ ಹೆಣ್ಣಿಗೆ ಎಷ್ಟು ಮರ್ಯಾದೆ ಇತ್ತು ಅಂತ ನಾನು ಹೇಳಲಾ? ಫೆಲ್ಡನ್ ಎತ್ತರದ ಹೆಂಗಸು. ಹೀರೋ ಕುಳ್ಳ ಕಾಣಬಾರದು ಅಂತ ಬಗ್ಗಿ, ಒರಗಿ ನಿಲ್ಲುತ್ತಿದ್ದರು. ನಾಲ್ಕನೇ ಸೀಸನ್‌ನಲ್ಲಿ ಮದುವೆಯಾಯಿತು, ಐದರಲ್ಲಿ ಅವಳಿ ಮಕ್ಕಳಾದವು. ಅಷ್ಟಾದರೂ ಗಂಡ ಕರೆಯುವುದು 99 ಅಂತಲೇ. ಹೆಸರೂ ಕೊಡಲಿಲ್ಲ ಪುಣ್ಯಾತ್ಮರು.

ಹಳೇ ಆಂಟೆನಾ: ‘ಹೆಸರೂ ಕೊಡಲಿಲ್ಲ’ ಸುಳ್ಳು. ಸೂಸನ್ ಹಿಲ್ಟನ್ ಅಂತ ಒಂದು ಕಂತಿನಲ್ಲಿ ಬರುತ್ತದೆ.

ಪಾಪ್‌ಕಾರ್ನ್ ಪುಟ್ಟ: ಆ ಕಂತನ್ನು ಕೊನೆಯವರೆಗೆ ನೋಡಿ ಸಾರ್. ಅದು ತನ್ನ ನಿಜವಾದ ಹೆಸರಲ್ಲ ಅಂತ ಅವಳೇ ಹೇಳುತ್ತಾಳೆ. ಆಂಟೆನಾ ಸ್ವಲ್ಪ ತಿರುಗಿಸಿಕೊಳ್ಳಿ.

ಹಳೇ ಆಂಟೆನಾ: ಗೂಢಚಾರಿಣಿ ಹೆಸರು ಮುಚ್ಚಿಡದೆ ಬೀದಿಯಲ್ಲಿ ಹೇಳಿಕೊಂಡು ತಿರುಗಬೇಕಾ? ಅದು ಪಾತ್ರಕ್ಕೆ ಕೊಟ್ಟ ಘನತೆ. ಫೆಲ್ಡನ್ ಶೇಕ್ಸ್‌ಪಿಯರ್ ಮೇಲಿನ ಪ್ರಶ್ನೆಗಳಿಗೆ ಉತ್ತರಿಸಿ ಟಿವಿ ಕ್ವಿಜ್‌ನಲ್ಲಿ 64,000 ಡಾಲರ್ ಗೆದ್ದವರು. ನಿಮ್ಮಂಥವರ ಹತ್ತಿರ ಮರ್ಯಾದೆಯ ಸರ್ಟಿಫಿಕೇಟ್ ಅವರಿಗೆ ಬೇಕಿಲ್ಲ.

ಸುಮಾ ಕೆ: ಕ್ವಿಜ್ ಇಲ್ಲಿಗೆ ಯಾಕೆ ಬಂತು? ಆಂಟೆನಾ ಸಾರ್, ನೀವು ನನ್ನ ಪರವಾ, ವಿರುದ್ಧವಾ? ಹಳೆಯ 99 ಕೇಸು ಬಿಡಿಸಿ, ಹೆಸರು ಮಾತ್ರ ಮ್ಯಾಕ್ಸ್‌ಗೆ ಬಿಟ್ಟುಕೊಡುತ್ತಿದ್ದಳು. ಅದನ್ನೂ ಘನತೆ ಅನ್ನುತ್ತೀರಾ?

ಹಳೇ ಆಂಟೆನಾ: ಮೂಲ ಪ್ರಶ್ನೆಗೆ ಬನ್ನಿ. ಸಿನಿಮಾ ಅರ್ಧಕ್ಕೆ ಬರುವಷ್ಟರಲ್ಲಿ ತಮಾಷೆ ಮರೆತು ಸ್ಫೋಟ, ಚೇಸ್ ಅಂತ ಓಡುತ್ತದೆ. ಕೊನೆಗೆ ಲಾಸ್ ಏಂಜಲೀಸ್‌ನ ಡಿಸ್ನಿ ಕಾನ್ಸರ್ಟ್ ಹಾಲ್, ಬೀಥೋವನ್ ಸಂಗೀತದ ಕೊನೆಯ ಸ್ವರಕ್ಕೆ ಸಿಡಿಯುವ ಬಾಂಬ್. ಗೂಢಚಾರ ಸಿನಿಮಾಗಳನ್ನು ಗೇಲಿ ಮಾಡಲು ಹುಟ್ಟಿದ್ದು ತಾನೇ ಅಂಥ ಸಿನಿಮಾ ಆಗಿ ಕೂತಿದೆ. ಹಳೆಯದರಲ್ಲಿ ಮ್ಯಾಕ್ಸ್ ಬೂಟಿನಲ್ಲಡಗಿದ ಶೂ ಫೋನ್ ರಿಂಗಾದರೆ ಸಾಕಿತ್ತು.

ಪಾಪ್‌ಕಾರ್ನ್ ಪುಟ್ಟ: ಶೂ ಫೋನ್ ಸಿನಿಮಾದಲ್ಲೂ ಇದೆ! ಮ್ಯೂಸಿಯಂನಿಂದ ಹಳೇ ಸೂಟು, ಕೆಂಪು ಸನ್‌ಬೀಮ್ ಟೈಗರ್ ಕಾರಿನ ಜೊತೆಗೆ ಎತ್ತಿಕೊಂಡು ಹೋಗುತ್ತಾನೆ.

ಹಳೇ ಆಂಟೆನಾ: ಮ್ಯೂಸಿಯಂನಲ್ಲಿ ಇಟ್ಟಿದ್ದಾರೆ ಅಂತ ನೀವೇ ಒಪ್ಪಿದಿರಲ್ಲ. ಹಳೆಯ ತಮಾಷೆಗೆ ಅವರು ಕೊಟ್ಟ ಜಾಗ ಅದು.

ಪಾಪ್‌ಕಾರ್ನ್ ಪುಟ್ಟ: ಹಳಬರಿದ್ದರೆ ಸಾಕಾ? 1995ರಲ್ಲಿ ಆಂಡಿ ಡಿಕ್ ಹಾಕಿಕೊಂಡು ಮಾಡಿದ ಸರಣಿಯಲ್ಲಿ ಆಡಮ್ಸ್, ಫೆಲ್ಡನ್ ಇಬ್ಬರೂ ಇದ್ದರು. ಏಳೇ ಕಂತಿಗೆ ಬಾಗಿಲು ಹಾಕಿತು.

ಹಳೇ ಆಂಟೆನಾ: ಅದು ಮುಂದುವರಿಕೆ, ರಿಮೇಕ್ ಅಲ್ಲ. ವಿಷಯ ಬದಲಿಸಬೇಡಿ.

ಪಾಪ್‌ಕಾರ್ನ್ ಪುಟ್ಟ: ಹಾಗಾದರೆ ಇದೇ ಮ್ಯಾಕ್ಸ್ ಮೇಲಿನ 1980ರ ಸಿನಿಮಾ ‘ದ ನ್ಯೂಡ್ ಬಾಂಬ್’? ಸಾಕ್ಷಾತ್ ಆಡಮ್ಸ್ ಅವರೇ ಹೀರೋ. ಯಾರು ನೋಡಿದರು?

ಸುಮಾ ಕೆ: ಅದರಲ್ಲಿ 99 ಇರಲಿಲ್ಲ. ಅದಕ್ಕೇ ಮುಳುಗಿತು.

ಪಾಪ್‌ಕಾರ್ನ್ ಪುಟ್ಟ: ಅಂದರೆ 2008ರದ್ದು ಗೆದ್ದದ್ದು 99 ಇದ್ದದ್ದಕ್ಕೆ. ಸರ್ಜರಿ ಮಾಡಿಸಿಕೊಂಡಾದರೂ ಸರಿ. ನಿಮ್ಮ ಬಾಯಲ್ಲೇ ಬಂತು, ಥ್ಯಾಂಕ್ಸ್.

ಸುಮಾ ಕೆ: ಗೆದ್ದಿದೆ ಅಂತ ನಾನೆಲ್ಲಿ ಹೇಳಿದೆ? ಮೇಲೆ ಹೋಗಿ ಸರಿಯಾಗಿ ಓದಿ. ನಲವತ್ತೈದರ ಮುಖದ ಪ್ರಶ್ನೆಗೆ ಇನ್ನೂ ಯಾರೂ ಉತ್ತರ ಕೊಟ್ಟಿಲ್ಲ.

ಬಸವನಗುಡಿ ಬಾಬು: ಸಿನಿಮಾದ ಕೊನೆಯಲ್ಲಿ ರೋಬೋ ಹೈಮಿಯೂ ಬರುತ್ತಾನೆ ಕಣ್ರೀ, ಪ್ಯಾಟ್ರಿಕ್ ವಾರ್ಬರ್ಟನ್.

ಹಳೇ ಆಂಟೆನಾ: ಹೈಮಿ ಅಂದರೆ ಹಳೇ ಸೀರಿಯಲ್ಲಿನ ಡಿಕ್ ಗೌಟಿಯರ್. ಇನ್ಯಾರೂ ಅಲ್ಲ.